ಕ್ರ್ಯಾಂಕ್ ಹುಡುಕುವವನ ನೆಪಗಳು

ನನ್ನ ತಂಗಿಗೆ ಗಂಡು ಹುಡುಕಿ, ನಿಶ್ಚಯ ಮಾಡಿ, ಛತ್ರ ಹಿಡಿದು, ಮದುವೆ ಮುಗಿಸಿ ಕಳಿಸಿಕೊಡೋದಕ್ಕೆ ನಮ್ಮ ಮನೆಯಲ್ಲಿ ಹಿಡಿದದ್ದು ಒಟ್ಟು ಐದು ತಿಂಗಳು. ನಾನು ನನ್ನ ಸೈಕಲ್ಲಿಗೆ ಒಂದು ಕ್ರ್ಯಾಂಕ್ ಆರಿಸಲು ಹದಿನೇಳು ತಿಂಗಳು ತೆಗೆದುಕೊಂಡೆ. ನಾಚಿಕೆಯಿಂದಲೇ ಹೇಳುತ್ತಿದ್ದೇನೆ, ನಗಬೇಡಿ.

ಕ್ರ್ಯಾಂಕ್ ಅಂದರೆ ಗಾಬರಿಯಾಗುವಂಥದ್ದೇನೂ ಅಲ್ಲ. ಪೆಡಲಿಗೂ ಸೈಕಲ್ಲಿಗೂ ನಡುವೆ ಇರುವ ಗೇಣುದ್ದದ ತೋಳು. ಊರಿನ ಸೈಕಲ್ಲಿನಲ್ಲಿ ಅದಕ್ಕೆ ತಿರುಗುವುದಷ್ಟೇ ಕೆಲಸ. ನನ್ನದು ಗುಡ್ಡ ಇಳಿಯುವ ಸೈಕಲ್. ಕಲ್ಲು, ಬೇರು, ಕೊರಕಲು ಯಾವುದನ್ನೂ ಲೆಕ್ಕಿಸದೆ ತಲೆಯಿಂದ ಬುಡಕ್ಕೆ ಬರುವಾಗ ಸೀಟಿನ ಮೇಲೆ ಯಾರೂ ಕೂರುವುದಿಲ್ಲ, ಎರಡು ಪೆಡಲಿನ ಮೇಲೆ ನಿಂತಿರುತ್ತೇವೆ. ಬಂಡೆಯಿಂದ ಹಾರಿ ನೆಲಕ್ಕೆ ಬಿದ್ದಾಗ ಮೈಭಾರವೆಲ್ಲ ಆ ಎರಡು ತೋಳುಗಳ ಮೇಲೆ. ರಾಜಾಜಿನಗರದ ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುವ ನಲವತ್ತೊಂಬತ್ತು ವರ್ಷದವನಿಗೆ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ಸ್ಟಾಫ್ ರೂಮಿನಲ್ಲಿ ಮಾತ್ರ ಯಾರೂ ಕೇಳಲಿಲ್ಲ. 'ಒಳ್ಳೇದು ಸಾರ್, ಶುಗರ್ ಕಂಟ್ರೋಲಿಗೆ ಬರುತ್ತೆ' ಅಂದರು. ಇಳಿಯುವ ಕೆಲಸವನ್ನೆಲ್ಲ ಭೂಮಿಯೇ ಮಾಡುತ್ತದೆ, ನನ್ನ ಶುಗರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ನಾನು ಹೇಳಲು ಹೋಗಲಿಲ್ಲ.

ಕಷ್ಟ ಇರುವುದು ಹತ್ತುವುದರಲ್ಲಿ. ಹೊರದೇಶಗಳಲ್ಲಿ ಸೈಕಲ್ಲನ್ನೂ ಸವಾರನನ್ನೂ ಕುರ್ಚಿಯಲ್ಲಿ ಕೂರಿಸಿ ತಂತಿಯ ಮೇಲೆ ಗುಡ್ಡಕ್ಕೆ ಎಳೆದುಕೊಂಡು ಹೋಗುತ್ತಾರಂತೆ. ಮಾಗಡಿ ರಸ್ತೆಯ ಆಚೆ ನಾವು ಇಳಿಯುವ ಗುಡ್ಡಕ್ಕೆ ಕುರ್ಚಿಯೂ ಇಲ್ಲ, ತಂತಿಯೂ ಇಲ್ಲ, ಇರುವುದು ಹೆಗಲು. ಹದಿನೇಳು ಕಿಲೋ ಸೈಕಲ್ಲನ್ನು ಹೊತ್ತು ನಲವತ್ತು ನಿಮಿಷ ಹತ್ತಬೇಕು, ಮೂರು ನಿಮಿಷ ಇಳಿಯಬೇಕು. ನಲವತ್ತು ನಿಮಿಷ ಸಂಸಾರ, ಮೂರು ನಿಮಿಷ ಮೋಕ್ಷ. ಹಾಗಾಗಿ ಹತ್ತುವಾಗ ಕ್ರ್ಯಾಂಕ್ ಹಗುರವಾಗಿರಲಿ ಅನ್ನಿಸುತ್ತದೆ, ಇಳಿಯುವಾಗ ಗಟ್ಟಿಯಾಗಿರಲಪ್ಪ ದೇವರೇ ಅನ್ನಿಸುತ್ತದೆ.

ಹಗುರವೋ ಗಟ್ಟಿಯೋ ಅನ್ನುವ ವಿಷಯದಲ್ಲಿ ನಮ್ಮ ಹಿರಿಯರಿಗೂ ಖಚಿತವಾದ ಅಭಿಪ್ರಾಯ ಇದ್ದಂತಿಲ್ಲ. ತೂಕದ ಮನುಷ್ಯ ಎಂದು ಹೊಗಳುತ್ತಾರೆ, ಹಗುರವಾಗಿ ಮಾತಾಡಬೇಡ ಎಂದು ಬೈಯುತ್ತಾರೆ. ಆದರೆ ಅತ್ತು ಮುಗಿಸಿದವನು ಮಾತ್ರ ಮನಸ್ಸು ಹಗುರಾಯಿತು ಅನ್ನುತ್ತಾನೆ, ಗಟ್ಟಿಯಾಯಿತು ಅನ್ನುವುದಿಲ್ಲ. ನಾನು ಕಂಪನಿಗಳು ಬರೆದ ತೂಕವನ್ನು ನಂಬದೆ, ತರಿಸಿದ ಕ್ರ್ಯಾಂಕುಗಳನ್ನೆಲ್ಲ ಕುರುಬರಹಳ್ಳಿಯ ತರಕಾರಿ ಗಾಡಿಯ ತಕ್ಕಡಿಯಲ್ಲಿ ಇಟ್ಟು ನೋಡುತ್ತಿದ್ದೆ. ಇದನ್ನ ಹುಳಿಗೆ ಹಾಕ್ತೀರಾ ಸಾರ್, ಪಲ್ಯಕ್ಕಾ ಎಂದು ಗಾಡಿಯವನು ಕೇಳುತ್ತಿದ್ದ. ತೂಗಿ ಬರೆದುಕೊಂಡು, ಮಾರನೆಯ ದಿನ ಅದನ್ನು ಕೊರಿಯರಿನಲ್ಲಿ ಅಂಗಡಿಗೆ ವಾಪಸ್ಸು ಕಳಿಸುತ್ತಿದ್ದೆ.

ಬಸವೇಶ್ವರನಗರದಲ್ಲಿ ನಾನಿರುವ ಮಹಡಿ ಮನೆಯ ಓನರು ಸರೋಜಮ್ಮ, ರಾಣೆಬೆನ್ನೂರಿನ ಕಡೆಯವರು. ಕೊರಿಯರಿನಲ್ಲಿ ಬರುವ, ಹೋಗುವ ಪೊಟ್ಟಣಗಳನ್ನೆಲ್ಲ ಕೆಳಗೆ ಸಹಿ ಹಾಕಿ ನೋಡಿಕೊಳ್ಳುವುದು ಅವರೇ. ಒಂದು ದಿನ ತಡೆಯಲಾರದೆ, 'ಹಗುರನೂ ಇರಬೇಕು, ಗಟ್ಟಿನೂ ಇರಬೇಕು ಅಂದ್ರ ಎಲ್ಲಿಂದ ತರೂದ್ರೀ ಸರ? ಹೆಣ್ಣು ನೋಡೂದ್ರಾಗೂ ಹಿಂಗ ಮಾಡೇ ಒಬ್ಬರ ಉಳಕೊಂಡೀರಿ' ಅಂದರು. ಹೆಂಗಸು ಸುಳ್ಳು ಹೇಳಿದರು ಅನ್ನುವ ಹಾಗಿಲ್ಲ.

ಆದರೆ ನಿಜವಾದ ವಿಷಯ ಸರೋಜಮ್ಮನಿಗೂ ಗೊತ್ತಿರಲಿಲ್ಲ. ಗುಡ್ಡಕ್ಕೆ ನಾನು ಒಬ್ಬನೇ ಹೋಗುತ್ತಿದ್ದವನಲ್ಲ. ಪರಮೇಶಿ ಇದ್ದ. ಶ್ರೀಗಂಧದ ಕಾವಲಿನಲ್ಲಿ ಅವನ ತಾತ ರಾಗಿ ಬೆಳೆದ ಜಾಗದಲ್ಲೇ ಅವನ ಹಾರ್ಡ್‌ವೇರ್ ಅಂಗಡಿ, ಮೇಲೆ ಮನೆ. ಎಂಟು ವರ್ಷ ಪ್ರತಿ ಭಾನುವಾರ ಇಬ್ಬರೂ ಹೋದೆವು. ಆಯುಧ ಪೂಜೆಗೆ ನನ್ನ ಸೈಕಲ್ಲೂ ಅವನ ಅಂಗಡಿಯ ಮುಂದೆಯೇ ನಿಲ್ಲಬೇಕು. ಅವನ ತಾಯಿ ಕೆಂಪಮ್ಮ ಮೊದಲ ವರ್ಷ ನಮ್ಮ ಸೈಕಲ್ಲುಗಳಿಗೆ ಅರಿಶಿನ ಕುಂಕುಮ ಇಟ್ಟು, ಹೊಳೆಯಲಿ ಎಂದು ಬ್ರೇಕಿನ ತಟ್ಟೆಗೆ ಒಂದು ಚಮಚ ಎಳ್ಳೆಣ್ಣೆ ಸವರಿದ್ದರು. ಆ ಭಾನುವಾರ ನಾವು ಬ್ರೇಕೇ ಇಲ್ಲದೆ ಗುಡ್ಡ ಇಳಿದು, ಒಬ್ಬ ಲಂಟಾನಾ ಪೊದೆಯಲ್ಲಿ, ಇನ್ನೊಬ್ಬ ಹುರುಳಿ ಹೊಲದಲ್ಲಿ ನಿಂತೆವು. ಪರಮೇಶಿ ಹುರುಳಿ ಹೊಲದಲ್ಲಿ ಮಲಗಿಕೊಂಡೇ ಅರ್ಧ ಗಂಟೆ ನಕ್ಕ.

ಕೊನೆಕೊನೆಗೆ ಅವನ ಹೆಗಲು ನೋಯತೊಡಗಿತು. ಗುಡ್ಡ ಹತ್ತುವಾಗ ನಾಲ್ಕು ಸಲ ಸೈಕಲ್ ಇಳಿಸುತ್ತಿದ್ದ. ಆಗ ನಾನೇ ಹುಡುಕಿ ಎರಡು ಜೊತೆ ಹಗುರ ಕ್ರ್ಯಾಂಕ್ ತರಿಸಿದೆ, ಒಂದು ಅವನಿಗೆ, ಒಂದು ನನಗೆ. ಜೊತೆಗೆ ಬಂದ ಚೀಟಿಯಲ್ಲಿ, ಇದು ಸಾಧಾರಣ ಕಾಡುದಾರಿಯ ಸೈಕಲ್ಲಿಗೆ, ಇಳಿಜಾರಿಗೆ ಬಳಸಬೇಡಿ ಎಂದು ಬರೆದಿತ್ತು. ನಾನು ಅದನ್ನು ಓದಿದೆ. 'ಅವರು ಹಾಗೇ ಬರೀತಾರೆ, ಅಡ್ಜಸ್ಟ್ ಆಗುತ್ತೆ ಬಿಡು' ಎಂದು ಹೇಳಿ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಮಕ್ಕಳು ಉತ್ತರದಲ್ಲಿ ಒಂದು ದಶಮಾಂಶ ತಪ್ಪಿದರೆ ಅಂಕ ಕಡಿಯುವವನು ನಾನು.

ಏಳನೆಯ ಭಾನುವಾರ ಅವನ ಬಲಗಡೆ ಕ್ರ್ಯಾಂಕ್ ಮುರಿಯಿತು. ಹಿಂದೆಯೇ ಬರುತ್ತಿದ್ದೆ, ಕಣ್ಣಾರೆ ನೋಡಿದೆ. ಪಾದದ ಗಂಟಿನೊಳಗೆ ಪ್ಲೇಟು, ಸ್ಕ್ರೂ ಹಾಕಿದರು. ಇನ್ನು ಸೈಕಲ್ ಬೇಡ ಅಂದರು ಡಾಕ್ಟರು. ಮೂರು ಸಲ ಮೂಸಂಬಿ ತೆಗೆದುಕೊಂಡು ನೋಡಲು ಹೋದೆ. ಮನೆಯಲ್ಲಿ ಒಬ್ಬರಾದರೂ ಒಂದು ಮಾತು ಅನ್ನಲಿಲ್ಲ. ಕೆಂಪಮ್ಮ ನನಗೇ ಮುದ್ದೆ ಬಡಿಸಿ, ಸೊರಗಿದೀಯ ತಿನ್ನಪ್ಪ ಅಂದರು. ಬೈದಿದ್ದರೆ ಹೇಗೋ ಇರುತ್ತಿದ್ದೆ. ನಾಲ್ಕನೆಯ ಸಲ ಸುಮನಹಳ್ಳಿ ಸೇತುವೆಯವರೆಗೆ ಹೋಗಿ ವಾಪಸ್ಸು ಬಂದೆ. ಅವನು ಫೋನ್ ಮಾಡಿದಾಗ ವ್ಯಾಲ್ಯುಯೇಷನ್ ಡ್ಯೂಟಿ ಇದೆ ಅಂದೆ. ಇನ್ನೊಂದು ಸಲ ಮಾಡಿದಾಗಲೂ ಅದನ್ನೇ ಅಂದೆ. ಆಮೇಲೆ ಅವನು ಮಾಡಲಿಲ್ಲ.

ಆಗ ಶುರುವಾಯಿತು ನೋಡಿ ಈ ಆಯ್ಕೆ. ಎಂದೂ ಮುರಿಯದ ಕ್ರ್ಯಾಂಕ್ ಒಂದನ್ನು ಹುಡುಕಿ, ಅದನ್ನು ಕೈಯಲ್ಲಿ ಹಿಡಿದೇ ಪರಮೇಶಿಯ ಮನೆಗೆ ಹೋಗುತ್ತೇನೆ ಎಂದು ಶಪಥ ಮಾಡಿಕೊಂಡೆ. ಇಂಥ ಶಪಥದ ಅನುಕೂಲವೆಂದರೆ ಅದು ಮುಗಿಯುವುದಿಲ್ಲ. ಒಂದು ಗಟ್ಟಿ ಇದ್ದರೆ ಭಾರ, ಇನ್ನೊಂದು ಹಗುರವಿದ್ದರೆ ಅನುಮಾನ, ಮತ್ತೊಂದರ ಉದ್ದ ಸರಿಯಿಲ್ಲ. ನಾನು ಕ್ರ್ಯಾಂಕ್ ಹುಡುಕುತ್ತಿರಲಿಲ್ಲ, ಹೋಗದೆ ಇರಲು ಕಾರಣ ಹುಡುಕುತ್ತಿದ್ದೆ.

ಭಾನುವಾರಗಳಲ್ಲಿ ಒಬ್ಬನೇ ಗುಡ್ಡಕ್ಕೆ ಹೋಗುತ್ತಿದ್ದೆ, ಮುರಿದದ್ದರ ಜೊತೆಯಲ್ಲೇ ನನಗೆಂದು ತರಿಸಿದ್ದ ಕ್ರ್ಯಾಂಕನ್ನೇ ಇಟ್ಟುಕೊಂಡು. ಅದು ಧೈರ್ಯವಲ್ಲ, ಮುರಿದರೆ ನನ್ನದೂ ಮುರಿಯಲಿ ಅನ್ನುವ ಒಂದು ಥರದ ಹಟ. ಕೆಳಗೆ ಬಂದು ಹೆಲ್ಮೆಟ್ ತೆಗೆದು ನೀರು ಕುಡಿದು ನಿಂತರೆ, ಅಬ್ಬಾ, ಆ ಗುಡ್ಡದ ಬುಡದಲ್ಲಿ ಎಷ್ಟು ನಿಶ್ಶಬ್ದ ಅಂತೀರಿ. ಇಳಿಯುವಾಗ ಒಂಟಿತನ ಗೊತ್ತಾಗುವುದಿಲ್ಲ, ಭಯದಲ್ಲಿ ಅದಕ್ಕೆ ಪುರುಸೊತ್ತಿಲ್ಲ. ಇಳಿದ ಮೇಲೆ ಗೊತ್ತಾಗುತ್ತಿತ್ತು. ಮನೆಗೆ ಬಂದು ಸ್ನಾನ ಮಾಡಿ, ಚಿತ್ರಾನ್ನ ಕಲಸಿಕೊಂಡು, ಸೋಮವಾರದವರೆಗೆ ಯಾರ ಜೊತೆಯೂ ಮಾತಾಡದೆ ಇದ್ದ ಭಾನುವಾರಗಳು ಬೇಕಾದಷ್ಟಿವೆ.

ಕಡೆಗೆ ಹೋದ ತಿಂಗಳು ಒಂದನ್ನು ಉಳಿಸಿಕೊಂಡೆ. ಬಡಿದು ಮಾಡಿದ ಗಟ್ಟಿ ಅಲ್ಯುಮಿನಿಯಂ, ಹಳೆಯದಕ್ಕಿಂತ ಇನ್ನೂರು ಗ್ರಾಂ ಜಾಸ್ತಿ. ಎರಡು ಹಿಡಿ ಹುರುಳಿಕಾಯಿಯ ಭಾರಕ್ಕೆ ನಾನು ಅಷ್ಟು ದಿನ ಒದ್ದಾಡಿದ್ದೆ. ಹಾಕೋಣ ಎಂದು ಕೂತರೆ ಹಳೆಯದರ ಬೋಲ್ಟ್ ಬಿಚ್ಚಲೊಲ್ಲದು. ಇದು ಇಬ್ಬರ ಕೆಲಸ. ಒಬ್ಬ ಬ್ರೇಕ್ ಹಿಡಿದು ಸೈಕಲ್ಲನ್ನು ಅದುಮಿಕೊಂಡಿರಬೇಕು, ಇನ್ನೊಬ್ಬ ಪಾನಾದ ಮೇಲೆ ಹತ್ತಿ ನಿಲ್ಲಬೇಕು. ಸರೋಜಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ಹಿಡಿದರು, ಎರಡು ಸಲ ಸೈಕಲ್ ಸಮೇತ ಗೋಡೆಗೆ ಒರಗಿದರು, ಹಾಲು ಉಕ್ಕತೈತಿ ಎಂದು ಇಳಿದುಹೋದರು. ಹತ್ತಿರದಲ್ಲಿ ಮೂರು ಸೈಕಲ್ ಅಂಗಡಿ ಇವೆ. ಆದರೂ ನಾನು ಸೈಕಲ್ಲನ್ನು ಲಗೇಜ್ ಆಟೋಗೆ ಹಾಕಿ ಶ್ರೀಗಂಧದ ಕಾವಲ್ ಎಂದೆ. ಅದೂ ನೆಪವೇ. ಈ ಸಲ ಮಾತ್ರ ನೆಪ ಸರಿಯಾದ ದಿಕ್ಕಿಗೆ ಹೊರಟಿತ್ತು.

ಪರಮೇಶಿ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತು ಪೈಪು ಅಳೆಯುತ್ತಿದ್ದ. ನನ್ನನ್ನೂ ಸೈಕಲ್ಲನ್ನೂ ನೋಡಿದ. 'ಏನೋ, ವ್ಯಾಲ್ಯುಯೇಷನ್ ಮುಗೀತಾ?' ಅಂದ. ಬೋಲ್ಟ್ ಬರ್ತಿಲ್ಲ ಕಣೋ ಅಂದೆ. ಅವನು ಕುಂಟಿಕೊಂಡು ಬಂದು ಸೈಕಲ್ಲನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದ, ನಾನು ಪಾನಾ ಹತ್ತಿ ನಿಂತೆ. ಟಪ್ ಎಂದು ಬಿಟ್ಟುಕೊಂಡಿತು. ಇಬ್ಬರೂ ಬೆಚ್ಚಿದೆವು.

ನಾನು ಚೀಟಿಯ ವಿಷಯ ಹೇಳಿದೆ. ಓದಿದ್ದೆ, ಓದಿಯೂ ಹಾಕಿದೆ ಎಂದೆ. ಅವನು ಬೋಲ್ಟನ್ನು ಬಟ್ಟೆಯಲ್ಲಿ ಒರೆಸಿದ.

'ಎರಡು ವಾರದಿಂದ ಕಟಕಟ ಅಂತಿತ್ತು ಕಣೋ ಅದು' ಅಂದ. 'ನಿಂಗೆ ಹೇಳಿದ್ರೆ ನೀನು ಬಿಚ್ಚಿ ಹಾಕ್ತಿದ್ದೆ, ಭಾನುವಾರ ತಪ್ಪೋಗ್ತಿತ್ತು. ಅದಕ್ಕೇ ಹೇಳ್ಲಿಲ್ಲ. ಕಾಲಿಗೆ ಬೇಜಾರಿಲ್ಲ ನಂಗೆ. ನೀನು ಬರ್ದೇ ಇದ್ದಿದ್ದಕ್ಕೆ ಬೇಜಾರು.'

ಅವನು ಕ್ಷಮಿಸುವುದೇನೂ ಬಾಕಿ ಇರಲಿಲ್ಲ. ನಾನು ಅಷ್ಟು ತಿಂಗಳು ಮನೆಯಲ್ಲಿ ಕೂತು ಹೆದರಿದ್ದೆಲ್ಲ ದಂಡ. ಭಾನುವಾರ ಬಾ, ಗುಡ್ಡದ ಕೆಳಗೆ ಸುಮ್ಮನೆ ಕೂತಿರು, ನಾನು ಇಳಿದು ಬರ್ತೀನಿ ಅಂದೆ. ಅವನು ಮುಖ ತಿರುಗಿಸಿ ಪೈಪುಗಳನ್ನು ಜೋಡಿಸತೊಡಗಿದ. ಭಾನುವಾರ ಆಗಲ್ಲ ಕಣೋ, ಮಹಡಿ ಮೇಲೆ ಕೇರಂ ಆಡ್ತೀವಿ, ಬೀದಿಯೋರೆಲ್ಲ ಸೇರಿ, ಕಾಲು ಹಿಂಗಾದ ಮೇಲೆ ಶುರುವಾಯ್ತು ಅಂದ. ನಾನೂ ಬರ್ಲಾ ಎಂದು ಕೇಳಿಬಿಟ್ಟೆ. ಜೋಡಿ ಆಟ, ನಾಲ್ಕು ಜನ ಆಗಿದೀವಲ್ಲೋ ಅಂದ. ಗಣಿತದ ಮೇಷ್ಟ್ರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಕ್ರ್ಯಾಂಕ್ ಹಾಕಿ ಮುಗಿಸಿ, ಸಾಮಾನು ಕಟ್ಟಿಕೊಂಡು ಹೊರಟಾಗ ಹಿಂದಿನಿಂದ, ಬಾ, ಬಂದು ಕೂತ್ಕೋ ಅಂದ.

ಆ ಭಾನುವಾರ ಹೋದೆ. ನನ್ನ ಜಾಗ ತುಂಬಿದವರು ಮೂರು ಜನ, ಒಳ್ಳೆಯವರೇ. ನಾನು ನೀರಿನ ಟ್ಯಾಂಕಿಗೆ ಒರಗಿ ಮೂರು ಗಂಟೆ ಕೂತೆ. ಯಾರೂ ಏಳಲಿಲ್ಲ, ನನಗೆ ಒಂದು ಆಟವೂ ಸಿಗಲಿಲ್ಲ. ಹೊಟ್ಟೆಕಿಚ್ಚೂ ಆಯಿತು, ಎದ್ದು ಹೋಗೋಣವೆಂದೂ ಅನ್ನಿಸಿತು. ಆಗ ಪರಮೇಶಿ ಬೇರೆ ಕಾಯಿಗಳ ನಡುವೆ ಸಿಕ್ಕಿಕೊಂಡಿದ್ದ ಕೆಂಪು ಕಾಯನ್ನು ಮಣೆಯ ಅಂಚಿಗೆ ಹೊಡೆಸಿ ಗುಳಿಗೆ ಬೀಳಿಸಿದ. ಜೊತೆಗಾರ ಭೇಷ್ ಅಂದದ್ದು ಅವನಿಗೆ ಕೇಳಿಸಿತೋ ಇಲ್ಲವೋ. ಮಣೆ ಬಿಟ್ಟು ಹಿಂದೆ ತಿರುಗಿ ನನ್ನ ಕಡೆ ಕತ್ತು ಚಾಚಿ, 'ನೋಡಿದ್ಯೇನೋ?' ಅಂದ.

'ನೋಡ್ದೆ ಕಣೋ' ಅಂದು, ಕಾಲು ಚಾಚಿ ಇನ್ನೂ ಸರಿಯಾಗಿ ಕೂತೆ.