ಚಿರತೆಯ ಒಳಕೋಣೆ

ನಮ್ಮ ಸೋದರತ್ತೆಯನ್ನು ಬೀದಿಯವರೆಲ್ಲ ಕರೆಯುವುದು ಚಿರತೆ ಅತ್ತೆ ಎಂದೇ. ಮೃಗಾಲಯದಲ್ಲಿ ಅವಳಿಗೆ ಚಿರತೆ ನೋಡಿಕೊಳ್ಳುವ ಕೆಲಸ. "ಅದಕ್ಕೆ ಹೊತ್ತಿಗೆ ಸರಿಯಾಗಿ ಮಾಂಸ, ನನಗೆ ಮಾತ್ರ ತಂಗಳು," ಎಂದು ಮಾವ ರೇಗಿಸುತ್ತಿದ್ದರು. "ಅದು ನಿಮ್ಮ ಹಾಗೆ ಉಪ್ಪಿಲ್ಲ, ಖಾರ ಇಲ್ಲ ಅಂತ ತಟ್ಟೆ ತಳ್ಳಲ್ಲ ಕಣ್ರೀ," ಎನ್ನುತ್ತಿದ್ದಳು ಅತ್ತೆ.

ಮೃಗಾಲಯವೇ ಬೇಡ ಎನ್ನುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಉರುಳಿಗೆ ಸಿಕ್ಕಿ ಮುಂಗಾಲು ಮುರಿದುಕೊಂಡಿದ್ದ ಚಿರತೆ ಅದು. ಡಾಕ್ಟರು ಮೂಳೆ ಕೂಡಿಸಿದರು, ಕುಂಟು ಮಾತ್ರ ಉಳಿಯಿತು. "ಕಾಡಲ್ಲೇ ಬಿಟ್ಟಿದ್ರೆ ಎಂದೋ ಮಣ್ಣಾಗ್ತಿತ್ತು," ಎನ್ನುವಳು. ನಿಜ. ಆದರೆ ಜೀವ ಉಳಿಸಿದ ಮಾತ್ರಕ್ಕೆ ಅದನ್ನು ಅಂಗಡಿಯ ಬೊಂಬೆಯಂತೆ ಎದುರಿಗೆ ನಿಲ್ಲಿಸುವ ಹಕ್ಕನ್ನು ಯಾರು ಕೊಟ್ಟರು?

ಚಿರತೆ ಅವಿತುಕೊಳ್ಳುವ ಪ್ರಾಣಿ. ಗದ್ದಲ ಶುರುವಾದರೆ ಪಂಜರದ ಹಿಂದಿನ ಒಳಕೋಣೆ ಸೇರುತ್ತಿತ್ತು. ಖಾಲಿ ಪಂಜರ ಕಂಡು ಜನ ಗೊಣಗಿದರು. ಜನ ಇರುವಷ್ಟು ಹೊತ್ತೂ ಒಳಬಾಗಿಲು ಮುಚ್ಚಿರಬೇಕೆಂದು ಮೇಲಧಿಕಾರಿ ಅಪ್ಪಣೆ ಮಾಡಿದ. ಅಂದಿನಿಂದ ಅದು ಗೋಡೆಗುಂಟ ಅತ್ತಿಂದಿತ್ತ ಸುತ್ತತೊಡಗಿತು, ತನ್ನ ಬಾಲವನ್ನೇ ಕಚ್ಚಿ ಗಾಯ ಮಾಡಿಕೊಂಡಿತು. ಅತ್ತೆ ಹೋಗಿ ಹೇಳಿದ್ದೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಒಂದು ರಜಾದಿನ ಮನೆಯವರೆಲ್ಲ ಹೋಗಿದ್ದೆವು. ಚಿರತೆ ಸುತ್ತಿ ಸುತ್ತಿ ಸೋತು ಮೂಲೆಯಲ್ಲಿ ಮುದುರಿತ್ತು. ಹೊರಗೆ ಶಿಳ್ಳೆ, ಚಪ್ಪಾಳೆ. ಅಷ್ಟರಲ್ಲಿ ಒಂದು ಕಲ್ಲು ಹೋಗಿ ಅದರ ಪಕ್ಕೆಗೆ ಬಿತ್ತು. ಎಸೆದವನು ಯಾರೋ ಪುಂಡನಲ್ಲ, ನಮ್ಮ ಭಾವ! "ಎದ್ದೇಳ್ಲಿ ಅಂತ ಹಾಕ್ದೆ, ಸಣ್ಣ ಕಲ್ಲು," ಎಂದು ಹಲ್ಲು ಕಿರಿದ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕನ ಗಂಡನಾದರೂ ಅವನಿಗೆ ಮರ್ಯಾದೆ ಕೊಟ್ಟು ಮಾತಾಡಲು ಇವತ್ತಿಗೂ ಮನಸ್ಸಿಲ್ಲ.

ಅತ್ತೆ ಅವನತ್ತ ತಿರುಗಿಯೂ ನೋಡಲಿಲ್ಲ. ಹಿಂಬದಿಗೆ ಹೋಗಿ ಸರಪಳಿ ಎಳೆದು ಒಳಬಾಗಿಲು ಎತ್ತಿದಳು. ಚಿರತೆ ಕುಂಟುತ್ತಲೇ ಒಳಗೆ ಓಡಿತು.

"ಕಾಸು ಕೊಟ್ಟು ಬಂದಿದೀವಿ ನಾವು!" ಎಂದು ಜನ ಕೂಗಿದರು.

"ಕೊಟ್ರೆ ಕೊಟ್ಟಿದೀರಿ, ಅದನ್ನ ಕೊಂಡ್ಕೊಂಡಿಲ್ವಲ್ಲ!" ಎಂದು ಅವಳೂ ಕೂಗಿದಳು.

ಮರುದಿನವೇ ಅವಳನ್ನು ಗೇಟಿಗೆ ಹಾಕಿದರು, ಟಿಕೆಟ್ ಹರಿಯಲು. ಒಳಬಾಗಿಲಿಗೆ ಬೀಗ ಬಿತ್ತು. ಕಲ್ಲೆಸೆದವನಿಗೆ ಯಾರೂ ಒಂದು ಮಾತು ಅನ್ನಲಿಲ್ಲ.

ಮೊನ್ನೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದವರೊಬ್ಬರು ಕೇಳಿದರು, "ಅಮ್ಮಾ, ಇವತ್ತಾದ್ರೂ ಚಿರತೆ ಕಾಣುತ್ತಾ?"

ಅತ್ತೆ ಟಿಕೆಟ್ ಹರಿದು ಅವರ ಕೈಗಿಟ್ಟಳು.

"ಕಾಣುತ್ತೆ ಹೋಗಿ. ಅವಿತ್ಕೊಳ್ಳೋಕೆ ಅದಕ್ಕೀಗ ಜಾಗಾನೇ ಇಲ್ಲ."