ಚುಕ್ಕಿಯೋ ಉಂಗುರವೋ

ನನ್ನ ನಾದಿನಿಯನ್ನು ಬೀದಿಯವರೆಲ್ಲ ಜರಿಯಕ್ಕ ಎಂದೇ ಕರೆಯುತ್ತಾರೆ. ಹೊಸಬರು, ಎಲ್ಲರನ್ನೂ ಜರಿಯುವ ಬಾಯಿ ಇರಬೇಕು ಎಂದುಕೊಂಡು ದೂರ ನಿಲ್ಲುತ್ತಾರೆ. ಇನ್ನು ಕೆಲವರು ಬಟ್ಟೆಯ ಅಂಚಿಗೆ ಜರಿ ಕೂರಿಸುವವಳು ಎಂದುಕೊಂಡು ಬಟ್ಟೆ ಹಿಡಿದು ಬಾಗಿಲಿಗೆ ಬಂದದ್ದೂ ಉಂಟು. ಎರಡೂ ಅಲ್ಲ. ಇದು ಕಾಲಿರುವ ಜರಿ, ಶತಪದಿ. ಅದರಲ್ಲೂ ಗೋಡೆ ಹತ್ತಿ ಕಚ್ಚುವ ದಪ್ಪ ಜರಿಯಲ್ಲ. ಮಣ್ಣಿನಲ್ಲೇ ಹುಟ್ಟಿ ಮಣ್ಣಿನಲ್ಲೇ ಮುಗಿಯುವ, ಹೊಲಿಗೆಯ ದಾರದಂಥ, ಕಣ್ಣಿಲ್ಲದ ಹಳದಿ ಜರಿ.

ಅವಳು ನೀರಿನ ಮೀಟರ್ ಓದುವ ಕೆಲಸದಲ್ಲಿದ್ದಳು. ಮನೆಮನೆಯ ಅಂಗಳಕ್ಕೆ ಹೋಗಿ, ಮೂಲೆಯ ಗುಂಡಿಯ ಮುಚ್ಚಳ ಎತ್ತಿ, ಅಂಕಿ ನೋಡಿ ಬರೆದುಕೊಂಡು ಬರುವುದು. ಉಳಿದವರು ಮುಚ್ಚಳ ಎತ್ತಿದರೆ ಮೀಟರ್ ನೋಡುತ್ತಾರೆ. ಇವಳು ಮುಚ್ಚಳದ ಅಡಿಯನ್ನೂ ನೋಡಿದಳು. ಅಲ್ಲಿ ತಂಪಿನಲ್ಲಿ ಒಂದು ಜರಿ ಮೊಟ್ಟೆಗಳನ್ನು ಸುತ್ತಿಕೊಂಡು ಮಲಗಿತ್ತಂತೆ.

"ತಾಯಿ ಅದು ಅತ್ತಿಗೆ. ಅಲ್ಲಾಡದೆ ಕಾಯ್ತಾ ಇದೆ," ಎಂದು ಬಂದು ಹೇಳಿದಳು.

"ಮೀಟರ್ ಎಷ್ಟಿತ್ತು?" ಎಂದು ನಮ್ಮವರು ಕೇಳಿದರು. ಅದನ್ನು ಬರೆದುಕೊಳ್ಳಲು ಮರೆತು ಬಂದಿದ್ದಳು.

ಅಂದು ಹಿಡಿದ ಹುಚ್ಚು ಇಂದಿಗೂ ಬಿಟ್ಟಿಲ್ಲ. ನಮ್ಮವರ ಕೆಮ್ಮಿನ ಔಷಧಿಯ ಸೀಸೆಗಳೆಲ್ಲ ಖಾಲಿಯಾಗುವ ಮೊದಲೇ ಅವಳ ಹೆಸರಿಗೆ ಬರೆದಿಟ್ಟಂತಿದ್ದವು. ಸ್ಪಿರಿಟ್ ತುಂಬಿ, ಜರಿ ಬಿಟ್ಟು, ಸಿಕ್ಕ ಬೀದಿಯ ಚೀಟಿ ಅಂಟಿಸಿ, ಸಕ್ಕರೆ ಡಬ್ಬಿಯ ಪಕ್ಕ ಸಾಲಾಗಿ ಇಡುತ್ತಿದ್ದಳು. ನಮ್ಮ ಮನೆಗೆ ಬಂದ ನೆಂಟರು ಕಾಫಿಗೆ ಸಕ್ಕರೆ ಬೇಡ ಎನ್ನುವುದನ್ನು ಬೇಗ ಕಲಿತರು.

ಸಂಜೆ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಕಾಲು ಎಣಿಸುತ್ತಾಳೆ. ಮಣ್ಣಿನ ಜರಿಯ ಕಾಲಿನ ಜೋಡಿಗಳು ಯಾವಾಗಲೂ ಬೆಸವೇ ಅಂತೆ.

"ಯಾವತ್ತೂ ಸರಿಸಂಖ್ಯೆ ಬರಲ್ಲ ಅತ್ತಿಗೆ."

"ಎಣಿಸೋಕೆ ಕೂತವಳು ಯಾರು ಹೇಳು. ಜೋಡಿ ಬೇಡ ಅಂತ ಮನೇಲಿ ಉಳಿದವಳು," ಎನ್ನುತ್ತೇನೆ.

ನೋಡಲು ಬಂದ ಗಂಡುಗಳನ್ನೆಲ್ಲ ಒಂದೊಂದು ಕಾರಣ ಹೇಳಿ ಕಳಿಸಿದವಳು ಅವಳು. ಒಬ್ಬನ ಕಿವಿ ಸರಿಯಿಲ್ಲ, ಒಬ್ಬ ನಗುವಾಗ ಹೆಗಲು ಕುಣಿಸುತ್ತಾನೆ. ಆಗ ಅವಳಿಗೆ ಪ್ರೀತಿ ಇದ್ದದ್ದು ನಮ್ಮ ಗೋಡೆಯ ಗಡಿಯಾರ ಒಂದರ ಮೇಲೆಯೇ ಎಂದು ನಾವು ಹಾಸ್ಯ ಮಾಡುತ್ತಿದ್ದೆವು. ಕೀಲಿ ಕೊಡುವ ಗಡಿಯಾರ ಅದು, ಪದೇ ಪದೇ ಕೆಡುತ್ತಿತ್ತು. ಇವಳೇ ಅದನ್ನು ಮಗುವಿನಂತೆ ಎತ್ತಿಕೊಂಡು ಹಿಂದಿನ ಬೀದಿಯ ಗಡಿಯಾರ ರಿಪೇರಿಯವನ ಹತ್ತಿರ ಒಯ್ಯುತ್ತಿದ್ದಳು. "ಇದು ಗಡಿಯಾರವೋ ಕಾಯಿಲೆಯವರೋ?" ಎಂದು ನಮ್ಮವರು ಗೊಣಗುತ್ತಿದ್ದರು. ಆಮೇಲೆ ರಿಪೇರಿಯವನು ಬೇರೆ ಊರಿನ ಹುಡುಗಿಯನ್ನು ಮದುವೆಯಾಗಿ ಬಂದ. ಅಲ್ಲಿಂದ ಮುಂದೆ ಗಡಿಯಾರ ಕೆಡಲಿಲ್ಲ. ವಯಸ್ಸಾದ ಮೇಲೆ ಅದಕ್ಕೂ ಬುದ್ಧಿ ಬಂತು ಎಂದುಕೊಂಡೆ.

ಈಗ ಜರಿಯ ವಿಷಯಕ್ಕೆ ಬರುತ್ತೇನೆ. ದೊಡ್ಡ ಊರಿನ ಮ್ಯೂಸಿಯಂನವರು ನಮ್ಮ ಸೀಮೆಯ ಜರಿಗಳ ನಕ್ಷೆ ಅಚ್ಚು ಹಾಕಿಸಲು ಹೊರಟರು. ಈ ನೆಲದಲ್ಲೇ ಮೊದಲಿನಿಂದ ಇರುವ ಜರಿ ಸಿಕ್ಕ ಜಾಗಕ್ಕೆ ಕಪ್ಪು ಚುಕ್ಕಿ. ಮನುಷ್ಯರ ಬೆನ್ನಿಗೆ ಬಿದ್ದು, ಗಿಡದ ಕುಂಡದಲ್ಲೋ ಗೊಬ್ಬರದ ಚೀಲದಲ್ಲೋ ಬಂದು ಸೇರಿಕೊಂಡದ್ದಕ್ಕೆ ನಡುವೆ ಖಾಲಿ ಇರುವ ಉಂಗುರ. ಇದುವರೆಗೆ ಈ ಸೀಮೆಯಲ್ಲಿ ಯಾರೂ ಕಾಣದ ನೆಲದ ಜರಿಯಾದರೆ, ಕಂಡವರ ಹೆಸರು ಚುಕ್ಕಿಯ ಪಕ್ಕ ಅಚ್ಚಾಗುತ್ತದೆ. ಉಂಗುರಕ್ಕೆ ಹೆಸರಿಲ್ಲ.

ನಾದಿನಿ ಅವರಿಗೆ ಕಳಿಸಿದ ಸೀಸೆಗಳಲ್ಲಿ ಎಲ್ಲವೂ ಆಗಲೇ ಗೊತ್ತಿದ್ದ ಜರಿಗಳೇ, ಒಂದನ್ನು ಬಿಟ್ಟು. ಆ ಒಂದು ಸೀಮೆಯಲ್ಲಿ ಬೇರೆ ಯಾರಿಗೂ ಸಿಕ್ಕಿರಲಿಲ್ಲ. ನಮ್ಮ ಹಿತ್ತಿಲಲ್ಲಿ ಸಿಕ್ಕಿತ್ತು, ಸುತ್ತಲ ಕೆಲವು ಮನೆಗಳಲ್ಲಿ ಸಿಕ್ಕಿತ್ತು. ಜೀವಮಾನವೆಲ್ಲ ಮುಚ್ಚಳ ಎತ್ತಿದ್ದಕ್ಕೆ ಒಂದು ಚುಕ್ಕಿ, ಚುಕ್ಕಿಯ ಪಕ್ಕ ತನ್ನ ಹೆಸರು. ಅಷ್ಟೇ ಅವಳ ಆಸೆ. ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮ್ಯೂಸಿಯಂನ ಮೇಡಂ ಬರುವ ದಿನ ಬೆಳಿಗ್ಗೆ ಒಂದು ಹಾಳೆಯ ಮೇಲೆ ತನ್ನ ಹೆಸರನ್ನು ಚಿಕ್ಕ ಅಕ್ಷರದಲ್ಲಿ ಬರೆದು, ದೂರ ಹಿಡಿದು ನೋಡುತ್ತಿದ್ದಳು. ನನ್ನನ್ನು ಕಂಡು ಆ ಹಾಳೆಯಿಂದ ಮೇಜು ಒರೆಸಿದಳು.

ಮೇಡಂ ಮೂರು ದಿನ ಸುತ್ತಲ ಬೀದಿಗಳ ಮನೆಗಳನ್ನೆಲ್ಲ ಸುತ್ತಿ, ನಮ್ಮ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿ ಕೂತರು. ಒಳ್ಳೆಯ ಹೆಣ್ಣುಮಗಳು, ಉಗುರಿನ ತುಂಬ ಮಣ್ಣು.

"ಅಮ್ಮಾ, ನಿಮ್ಮ ಹಿತ್ತಿಲ ದಾಸವಾಳ ಎಲ್ಲಿಂದ ಬಂದದ್ದು?" ಎಂದು ನನ್ನನ್ನು ಕೇಳಿದರು.

"ನನ್ನ ತವರಿಂದ. ಮದುವೆಯಾಗಿ ಬರುವಾಗ ಕುಂಡದ ಸಮೇತ ತಂದೆ."

"ನಿಮ್ಮ ತವರಿನ ಕಡೆ ಈ ಜರಿ ಹೇರಳವಾಗಿದೆ. ಇಲ್ಲಿ ಯಾವ ಯಾವ ಮನೇಲಿ ಸಿಕ್ಕಿದೆಯೋ ಅಲ್ಲೆಲ್ಲ ದಾಸವಾಳವೂ ಇದೆ. ಕಡ್ಡಿ ಕೊಟ್ಟಿದ್ರಾ?"

ಕೊಟ್ಟಿದ್ದೆ. ಬೇರು ಬಿಟ್ಟ ಕಡ್ಡಿಯನ್ನು ಮಣ್ಣಿನ ಸಮೇತ ಚಿಕ್ಕ ಕುಂಡದಲ್ಲಿಟ್ಟು ಕೊಡುವುದು ನನ್ನ ರೂಢಿ. ದರ್ಜಿಯ ಮನೆ, ಹಲ್ಲಿನ ಡಾಕ್ಟರ ಮನೆ, ಅಂಚೆಯವನ ಮನೆ. ನನ್ನ ಜೊತೆ ಜಗಳವಾಡಿದ ಮೂಲೆಮನೆಯಲ್ಲಿ ಗಿಡವೂ ಇಲ್ಲ, ಜರಿಯೂ ಇಲ್ಲ.

ನಾದಿನಿ ನಕ್ಷೆಯಿಂದ ತಲೆ ಎತ್ತದೆ ಹೇಳಿದಳು: "ಅತ್ತಿಗೆ ಒಬ್ಬರೇ ಬಂದರು ಅಂದುಕೊಂಡಿದ್ವಿ. ಸಂಸಾರ ಸಮೇತ ಬಂದಿದ್ದಾರೆ."

ನಗಲಿಕ್ಕೇ ಹೇಳಿದ್ದು. ನನಗೆ ನಗು ಬರಲಿಲ್ಲ. ನನ್ನ ಕುಂಡವೇ ಅವಳ ಚುಕ್ಕಿಯನ್ನು ನುಂಗಬೇಕೆ?

"ಆದರೆ ಒಂದು ಮನೆ ಉಳಿದಿದೆ," ಎಂದರು ಮೇಡಂ. "ಗಡಿಯಾರ ರಿಪೇರಿಯವರದು. ಮೀಟರ್ ಗುಂಡಿ ಪಕ್ಕದಲ್ಲೇ ಜರಿ ಸಿಕ್ತು. ಅಲ್ಲಿ ದಾಸವಾಳ ಇಲ್ಲ. ಅವರ ಹೆಂಡತಿ, 'ನಾನು ಈ ಮನೆಗೆ ಬಂದಾಗಿನಿಂದ ಇಲ್ಲ' ಅಂದ್ರು. ಅಮ್ಮಾ, ಆ ಮನೆಗೆ ಕಡ್ಡಿ ಕೊಟ್ಟಿದ್ರಾ?"

"ಇಲ್ಲ. ಕೊಡೋಕೆ ಹೊರಟಿದ್ದೆ. ಅಲ್ಲಿ ಮಣ್ಣು ಸರಿಯಿಲ್ಲ, ಬೇಡ ಅತ್ತಿಗೆ ಅಂತ ಇವಳೇ ತಡೆದಳು."

"ಹಾಗಾದ್ರೆ ಕುಂಡವೇ ಹೋಗದ ಮನೇಲೂ ಜರಿ ಇದೆ. ಅಂದ್ರೆ ಇದು ಇಲ್ಲಿನ ಮಣ್ಣಿನದೇ ಇರಬೇಕು." ಮೇಡಂ ಪೆನ್ನಿನ ಮುಚ್ಚಳ ತೆಗೆದರು.

"ಚುಕ್ಕಿ ಹಾಕಿ ಮತ್ತೆ," ಎಂದೆ. ಎದ್ದು ಕಾಫಿಗೂ ಇಟ್ಟೆ.

ತಿರುಗಿ ನೋಡಿದರೆ ನಾದಿನಿ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದಳು. ಆಗಲೇ ಒರೆಸಿದ್ದ ಕನ್ನಡಕ ಅದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

"ನಿಲ್ಲಿ ಮೇಡಂ," ಎಂದಳು. "ಆ ಮನೆಗೂ ಒಂದು ಕುಂಡ ಹೋಗಿತ್ತು."

"ನಾನಂತೂ ಕೊಟ್ಟಿಲ್ಲ," ಎಂದೆ.

"ನೀವು ಕೊಟ್ಟಿಲ್ಲ."

"ಮತ್ತೆ ಜರಿ ಜೊತೆ ಕುಂಡಕ್ಕೂ ಕಾಲು ಬಂತಾ?"

"ನಾನು ಕೊಟ್ಟೆ ಅತ್ತಿಗೆ. ಅವನ ಮದುವೆಗೆ ಮುಂಚೆ. ಗಿಡ ಬದುಕಲಿಲ್ಲ. ಮಣ್ಣನ್ನ ಅಲ್ಲೇ ಮೀಟರ್ ಪಕ್ಕ ಸುರಿದಿದ್ದ, ನಾನೇ ನೋಡಿದ್ದೆ."

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಅವಳು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗಿಡ ಸತ್ತು ಎಷ್ಟೋ ಕಾಲವಾಗಿತ್ತು.

"ಯಾಕೆ ಕೊಟ್ಟೆ?" ಎಂದು ಕೇಳಿದೆ.

"ಗಡಿಯಾರ ಸರಿ ಮಾಡಿದ್ದಕ್ಕೆ ದುಡ್ಡು ತಗೊಳ್ಳಲಿಲ್ಲ."

"ಕೆಡಿಸ್ತಾ ಇದ್ದದ್ದು ಯಾರು?"

ಅವಳು ನಕ್ಷೆಯನ್ನು ಮೇಡಂ ಕಡೆ ಸರಿಸಿದಳು. ಮೇಡಂ ನಕ್ಷೆಯ ಮೇಲೆ ಬಗ್ಗಿ, ಬಹಳ ಜಾಗ್ರತೆಯಿಂದ, ನಮ್ಮ ಊರಿನ ಜಾಗದಲ್ಲಿ ಸಾಸಿವೆಯಷ್ಟು ಉಂಗುರ ಬರೆದರು. ನಾದಿನಿ ಭೂತಗನ್ನಡಿ ಹಿಡಿದು ಅದನ್ನು ಪರೀಕ್ಷಿಸಿದಳು.

"ಈ ಕಡೆ ಕೂಡಿಲ್ಲ ಮೇಡಂ. ಸ್ವಲ್ಪ ಕೂಡಿಸಿ," ಎಂದಳು.

ಕೂಡಿಸಿದರು. ಆ ರಾತ್ರಿ ಊಟಕ್ಕೆ ಕೂತಾಗ ನನಗೆ ತಡೆಯಲಾಗಲಿಲ್ಲ. "ಹೋಗಲಿ ಬಿಡು. ಹೆಸರು ಬರದಿದ್ದರೂ, ಆ ಮನೆ ಕಡೆಯಿಂದ ಒಂದು ಉಂಗುರ ಅಂತ ಬಂತಲ್ಲ," ಎಂದೆ.

ಸೌಟು ಎತ್ತಿದಳು, ಹೊಡೆಯುತ್ತಾಳೆಂದುಕೊಂಡೆ. ನನ್ನ ತಟ್ಟೆಗೆ ಇನ್ನೊಂದಿಷ್ಟು ಬಡಿಸಿ, ತಲೆ ತಗ್ಗಿಸಿ ನಗತೊಡಗಿದಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂದು ಮತ್ತೆ ಕನ್ನಡಕ ಒರೆಸಬೇಕಾಯಿತು.

ಅಚ್ಚಾದ ನಕ್ಷೆ ಈಗ ಗಡಿಯಾರದ ಕೆಳಗೆ ತೂಗುತ್ತಿದೆ. ಮೊನ್ನೆ ಗಡಿಯಾರ ತಾನಾಗಿ ನಿಂತಿತು.

"ಯಾರು ಒಯ್ಯೋದು?" ಎಂದೆ.

"ನೀವೇ ಒಯ್ಯಿರಿ ಅತ್ತಿಗೆ," ಎಂದಳು. "ಕುಂಡ ಮಾತ್ರ ಬೇಡ."