ಏಲಕ್ಕಿ ಆಮ್ಲೆಟ್

“ಅನಂತಲಕ್ಷ್ಮಮ್ಮನ ಮನೆ ಮುಂದೆ ಹಾದು ಹೋದರೆ ದೇವಸ್ಥಾನಕ್ಕೆ ಹೋಗಿ ಬಂದ ಹಾಗೆ” ಎನ್ನುತ್ತಿದ್ದರು ಬಸವೇಶ್ವರನಗರದ ಆ ಬೀದಿಯವರು. ಬೆಳಗಾದರೆ ಮೊದಲ ಮಹಡಿಯ ಕಿಟಕಿಯಿಂದ ಸಾಂಬ್ರಾಣಿ ಹೊಗೆ. ಮಂಗಳವಾರ, ಶುಕ್ರವಾರ ಎಂದಿಲ್ಲ, ದಿನವೂ. “ಗಂಡನಿಗೆ ಕಾಯಿಲೆ ಬಂದ್ಮೇಲೆ ಭಕ್ತಿ ಜಾಸ್ತಿಯಾಗಿದೆ, ಪಾಪ” ಎಂದು ಕೆಳಗಿನ ಮನೆಯ ಓನರ್ ಇಂದ್ರಮ್ಮನೂ ಹೇಳುತ್ತಿದ್ದರು.

ಆ ಹೊಗೆ ಎದ್ದದ್ದು ಭಯದಿಂದ. ಹೇಗೆಂದರೆ, ಕೇಳಿ.

ಗಂಡ ಸೇತುರಾಮಯ್ಯನವರ ಕಿಡ್ನಿ ಕೈಕೊಟ್ಟಿತ್ತು. ಡಯಾಲಿಸಿಸ್ ಸೆಂಟರು ಎರಡು ಬೀದಿ ಆಚೆ, ನಡೆದೇ ಹೋಗುವಷ್ಟು ಹತ್ತಿರ. ಅಲ್ಲಿಯ ಡಾಕ್ಟರು, “ಮೈಯಲ್ಲಿ ಪ್ರೋಟೀನೇ ಇಲ್ಲಮ್ಮ. ದಿನಾ ಮೊಟ್ಟೆಯ ಬಿಳಿ ಭಾಗ ಕೊಡಿ. ಇಲ್ಲಾಂದ್ರೆ ಇವರು ತಡ್ಕೊಳ್ಳಲ್ಲ” ಎಂದುಬಿಟ್ಟರು. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ಕೈ ಆಕೆಯದು. ಮೊದಲನೆಯದನ್ನು ಒಡೆದು ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡರು. ಮುಖ ತೊಳೆದು ಬಂದು ಎರಡನೆಯದನ್ನು ಒಡೆದರು. ಉಪ್ಪು ಹಾಕುವಂತಿಲ್ಲ, ವಾಸನೆಗೆ ಗಂಡ ಮೂಗು ಮುಚ್ಚುತ್ತಾರೆ. ಕೊನೆಗೆ ಬಿಳಿಯನ್ನು ನೊರೆ ಬರುವ ಹಾಗೆ ಕಡೆದು, ಸಕ್ಕರೆ, ಏಲಕ್ಕಿ ಪುಡಿ ಬೆರೆಸಿ, ಸಣ್ಣ ಉರಿಯಲ್ಲಿ ಹುಯ್ದು ಮಡಿಚಿ ಕೊಟ್ಟರು.

“ಇದೇನೇ, ಹೋಳಿಗೆ ಥರ ಇದೆ!”

“ಹೋಳಿಗೆ ಅಂದ್ಕೊಂಡೇ ನುಂಗ್ರೀ. ಮೆತ್ತಗೆ ಮಾತಾಡಿ, ಕೆಳಗೆ ಕೇಳುತ್ತೆ.”

ಮೊಟ್ಟೆ ಹೊಸ್ತಿಲು ದಾಟಿದರೆ ಮನೆ ಖಾಲಿ ಎಂದು ಇಂದ್ರಮ್ಮ ಬಾಡಿಗೆಗೆ ಕೊಡುವಾಗಲೇ ಹೇಳಿದ್ದರು. ಹಾಗಾಗಿ ಮೊಟ್ಟೆ ಗುರುತಿನವರಿಲ್ಲದ ಆರ್‌ಪಿಸಿ ಲೇಔಟಿನ ಅಂಗಡಿಯಿಂದ ಅಕ್ಕಿ ಡಬ್ಬಿಯೊಳಗೆ ಹೂತು ಬರುತ್ತಿತ್ತು. ಸಿಪ್ಪೆ ಹ್ಯಾಂಡ್‌ಬ್ಯಾಗಿನಲ್ಲಿ ಕೂತು ಸೆಂಟರಿನ ಕಸದ ಬುಟ್ಟಿ ಸೇರುತ್ತಿತ್ತು. ವಾಸನೆಗೆ ಸಾಂಬ್ರಾಣಿ. ಆದರೂ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾದರೆ ಆಕೆಯ ಕೈ ತಾನಾಗಿ ಒಲೆ ಆರಿಸುತ್ತಿತ್ತು. ಇಂದ್ರಮ್ಮ ಬಾಗಿಲಲ್ಲಿ ನಿಂತು ಎರಡು ಮಾತಾಡಿ, ಒಂದು ಉಸಿರನ್ನು ಕೊಂಚ ಉದ್ದಕ್ಕೆ ಎಳೆದುಕೊಂಡು, ಇಳಿದು ಹೋಗುವರು.

ಹೀಗಿರುವಾಗ ಸೇತುರಾಮಯ್ಯನವರ ದಾಯಾದಿಯೊಬ್ಬರು ತೀರಿಕೊಂಡರು. ಮನೆಗೆ ಸೂತಕ, ದೇವರಿಗೆ ದೀಪವಿಲ್ಲ, ಧೂಪವಿಲ್ಲ. “ನಮಗೆ ಮೈಲಿಗೆ, ನಿಮ್ಮನೆ ಅರಿಶಿನ-ಕುಂಕುಮಕ್ಕೆ ಬರೋಕಾಗಲ್ಲ” ಎಂದು ಅನಂತಲಕ್ಷ್ಮಮ್ಮ ತಾವೇ ಇಂದ್ರಮ್ಮನಿಗೆ ಹೇಳಿ ಬಂದರು. ಮರುದಿನ ಆಮ್ಲೆಟ್ ಹುಯ್ದವರು, ಅಭ್ಯಾಸಬಲ ನೋಡಿ, ಸಾಂಬ್ರಾಣಿ ಹಚ್ಚಿಬಿಟ್ಟರು.

ಹೊಗೆ ಕಿಟಕಿ ದಾಟಿ ಕೆಳಗಿಳಿಯಿತು. ಇಂದ್ರಮ್ಮ ಬರಿಗಾಲಲ್ಲಿ ಹತ್ತಿ ಬಂದದ್ದು ಕೇಳಿಸಲೇ ಇಲ್ಲ.

“ಸೂತಕದ ಮನೇಲಿ ಸಾಂಬ್ರಾಣಿ ಯಾವ ದೇವರಿಗ್ರೀ?”

ಇಂದ್ರಮ್ಮ ಹೊಸ್ತಿಲಾಚೆಯಿಂದಲೇ ತಟ್ಟೆ ನೋಡಿದರು.

“ಅದು... ಹೋಳಿಗೆ” ಎಂದರು ಸೇತುರಾಮಯ್ಯ.

“ಓಹೋ, ಸೂತಕದಲ್ಲಿ ಹೋಳಿಗೆ ಬೇರೆ!” ಇಂದ್ರಮ್ಮ ನಗಲಿಲ್ಲ. “ಮೊಟ್ಟೆ ಬಿಟ್ಟು ಇರ್ತೀರೋ, ಮನೆ ಬಿಟ್ಟು ಹೋಗ್ತೀರೋ, ನೋಡ್ಕೊಳ್ಳಿ.”

“ಬಿಟ್ಬಿಡೋಣ ಕಣೇ. ಸೆಂಟರ್ ಪಕ್ಕದಲ್ಲಿ ಇನ್ಯಾರು ಮನೆ ಕೊಡ್ತಾರೆ?” ಎಂದರು ಗಂಡ.

ಮೊಟ್ಟೆ ಬಿಟ್ಟರು. ದಿನ ಕಳೆದಂತೆ ಸೇತುರಾಮಯ್ಯನವರ ಪಾದ ಊದಿ ಚಪ್ಪಲಿ ಹಿಡಿಸದಾಯಿತು. ಒಂದು ಬೆಳಿಗ್ಗೆ ಆಕೆ ಆ ಪಾದವನ್ನು ಬೆರಳಿನಿಂದ ಒತ್ತಿದರು. ಬಿದ್ದ ಗುಳಿ ಮೇಲೇಳಲಿಲ್ಲ. ಸುಮ್ಮನೆ ಎದ್ದರು, ಬಾಗಿಲು ತೆರೆದಿಟ್ಟೇ ಆಮ್ಲೆಟ್ ಹುಯ್ದರು.

ಮನೆ ಬಿಡಬೇಕಾಯಿತು; ಬೇರೆ ಮನೆ ಸಿಕ್ಕಿದ್ದು ಶ್ರೀಗಂಧದ ಕಾವಲ್‌ನಲ್ಲಿ. “ಮೊಟ್ಟೆ ಏನು, ಕೋಳೀನೇ ಕುಯ್ಕೊಳ್ಳಿ, ಯಾರು ಕೇಳ್ತಾರೆ?” ಎಂದಿದ್ದಳು ಆ ಮನೆಯ ಓನರ್ ಪಾಪಮ್ಮ. “ಆದ್ರೆ ನಿಮ್ ಆಸ್ಪತ್ರೆಗೆ ದೂರ ಆಯ್ತದೆ ಕಣಮ್ಮ.”

ಹೊರಡುವ ದಿನ ಸೇತುರಾಮಯ್ಯ ಮೆಟ್ಟಿಲ ನಡುವೆ ಕೂತುಬಿಟ್ಟರು, ಏಳಲಾಗಲಿಲ್ಲ. ಇಂದ್ರಮ್ಮ ಹೊರಗೆ ಬಂದು ಆ ಪಾದ ನೋಡಿದರು.

“ಇಷ್ಟಾಗಿದ್ಯಾ? ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ಇಟ್ಕೋತಿದ್ರಾ?”

ಅನಂತಲಕ್ಷ್ಮಮ್ಮ ಇಂದ್ರಮ್ಮನ ಕೈಗೆ ಬೀಗದ ಕೈ ಇಟ್ಟು, ಗಂಡನನ್ನು ಹೇಗೋ ಎಬ್ಬಿಸಿ ಆಟೋ ಹತ್ತಿಸಿದರು. ಆ ಪಾದಗಳನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟು, ತಾವೂ ಹತ್ತಿದರು.

“ಮೊದಲು ಡಯಾಲಿಸಿಸ್ ಸೆಂಟರಿಗೆ ಹೋಗಪ್ಪಾ” ಎಂದರು. “ಸ್ವಲ್ಪ ಬೇಗ.”